ಸಾಕುಗಿಳಿಗೆ ಯಾವ ಪೆಲೆಟ್? ಚೀಲದ ಹಿಂಬದಿ ಓದಿ ಆರಿಸುವ ಬಗೆ

ಕಾಳು ಬೆರಕೆ ತುಂಬಿದ ಬಟ್ಟಲನ್ನು ಗಿಳಿಯ ಮುಂದಿಟ್ಟು ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಮೊದಲು ಅದು ಕೊಕ್ಕಿನಿಂದ ಬಟ್ಟಲನ್ನೆಲ್ಲ ಕೆದಕುತ್ತದೆ. ನವಣೆ, ಓಟ್ಸ್, ಒಣ ಮೆಣಸಿನ ಚೂರು ಎಲ್ಲ ಆಚೆ ಚೆಲ್ಲುತ್ತದೆ. ಗೆರೆಗೆರೆಯ ಸೂರ್ಯಕಾಂತಿ ಬೀಜ ಸಿಕ್ಕಿದ ಕೂಡಲೇ ನಾಲಗೆಯಿಂದ ಅದನ್ನು ತಿರುಗಿಸಿ, ಮೇಲ್ಕೊಕ್ಕಿನ ಒಳಗಿರುವ ಮೆಟ್ಟಿಲಿನಂಥ ಉಬ್ಬಿಗೆ ಒತ್ತಿ ಹಿಡಿದು, ಕೆಳಕೊಕ್ಕಿನ ಅಂಚಿನಿಂದ ಸಿಪ್ಪೆ ಸೀಳಿ ತಿರುಳನ್ನಷ್ಟೇ ನುಂಗುತ್ತದೆ. ಸಿಪ್ಪೆ ಮತ್ತೆ ಬಟ್ಟಲಿಗೇ ಬೀಳುತ್ತದೆ. ಚೀಲದ ಮೇಲೆ ಹದಿನೈದು ಬಗೆಯ ಧಾನ್ಯದ ಹೆಸರಿದ್ದರೂ ಹಕ್ಕಿಯ ಹೊಟ್ಟೆಗೆ ಹೋದದ್ದು ಎರಡೇ ಬಗೆ.

ಆ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬು. ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಎಂಟು ಪಟ್ಟು ಹೆಚ್ಚು. ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ, ವಿಟಮಿನ್ ಡಿ3 ಇಲ್ಲವೇ ಇಲ್ಲ. ವರ್ಷಗಟ್ಟಲೆ ಇದನ್ನೇ ತಿಂದ ಗಿಳಿಗೆ ಏನಾಗುತ್ತದೆ ಎಂಬುದು ಪಕ್ಷಿವೈದ್ಯರಿಗೆಲ್ಲ ಚೆನ್ನಾಗಿ ಗೊತ್ತು: ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟುವುದು, ಮೂಗು ಬಾಯಿಗಳ ಒಳಪದರ ದಪ್ಪಗಟ್ಟಿ ಪದೇಪದೇ ಸೋಂಕು, ಅಂಗುಳಿನ ಸೀಳಿನ ಸುತ್ತಲ ಮೊನಚು ಎಳೆಗಳು ಮೊಂಡಾಗುವುದು, ಮೊಟ್ಟೆ ಸಿಕ್ಕಿಕೊಳ್ಳುವುದು, ಆಫ್ರಿಕನ್ ಗ್ರೇ ಗಿಳಿಯಲ್ಲಿ ಕ್ಯಾಲ್ಸಿಯಂ ಕುಸಿದು ಸೆಳವು ಬರುವುದು.

ಪೆಲೆಟ್ ಹುಟ್ಟಿದ್ದು ಹಕ್ಕಿಯ ಈ ಹೆಕ್ಕುವ ಚಾಳಿಯನ್ನು ತಡೆಯಲು. ಧಾನ್ಯ, ದ್ವಿದಳ, ಎಣ್ಣೆ, ವಿಟಮಿನ್, ಖನಿಜ ಎಲ್ಲವನ್ನೂ ಪುಡಿ ಮಾಡಿ ಒಂದೇ ಉಂಡೆಯಾಗಿಸಿದರೆ ಹೆಕ್ಕಲು ಏನೂ ಉಳಿಯುವುದಿಲ್ಲ. ಒಂದೊಂದು ತುತ್ತಿನಲ್ಲೂ ಎಲ್ಲವೂ ಇರುತ್ತದೆ. ಆದರೆ ಪೆಲೆಟ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಪ್ರೋಟೀನ್ 11%ರಿಂದ 20%ರವರೆಗೆ, ಕೊಬ್ಬು 3%ರಿಂದ 15%ರವರೆಗೆ ಏರಿಳಿಯುತ್ತದೆ. ಒಂದು ಹಕ್ಕಿಗೆ ಒಗ್ಗುವುದು ಇನ್ನೊಂದಕ್ಕೆ ಮುಳುವಾಗಬಹುದು. ಆದ್ದರಿಂದ ಮೊದಲು ಹಕ್ಕಿಯನ್ನು ನೋಡಿ, ಆಮೇಲೆ ಚೀಲದ ಹಿಂಬದಿ ಓದಿ, ಕೊನೆಗೆ ಕಂಪನಿಯ ಹೆಸರು ನೋಡಿ. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಮೊದಲು ಹಕ್ಕಿ

ಅಮೆಜಾನ್ ಗಿಳಿ ಮತ್ತು ಗಲಾ ಕೊಕಟೂ ಬೇಗ ಬೊಜ್ಜು ಬರುವ ಜಾತಿಗಳು. ಇವಕ್ಕೆ ಕೊಬ್ಬು 4ರಿಂದ 6%ರಷ್ಟಿರುವ, ಪ್ರೋಟೀನ್ 11ರಿಂದ 14%ರ ನಿರ್ವಹಣಾ ಪೆಲೆಟ್ (ಮರಿ ಮಾಡದ ವಯಸ್ಕ ಹಕ್ಕಿಯ ದಿನನಿತ್ಯದ ಊಟಕ್ಕೆಂದು ಮಾಡಿದ್ದು) ಸರಿ. 'ಹೈ ಎನರ್ಜಿ', 'ಬ್ರೀಡರ್' ಎಂದು ಬರೆದ ಚೀಲವನ್ನು ಪಂಜರದಲ್ಲಿ ಕೂತೇ ದಿನ ಕಳೆಯುವ ಅಮೆಜಾನ್‌ಗೆ ಕೊಡಬೇಡಿ. ಮಕಾವ್‌ಗಳು, ಅದರಲ್ಲೂ ಹಯಸಿಂತ್ ಮಕಾವ್, ಇದಕ್ಕೆ ತದ್ವಿರುದ್ಧ. ಕಾಡಿನಲ್ಲಿ ಅವು ಎಣ್ಣೆ ತುಂಬಿದ ತಾಳೆಕಾಯಿ ಒಡೆದು ತಿನ್ನುವಂಥವು. ಅವಕ್ಕೆ ಕೊಬ್ಬು ಹೆಚ್ಚಿರುವ ಪೆಲೆಟ್ ಬೇಕು, ಅದರ ಮೇಲೆ ದಿನಕ್ಕೆ ಕೆಲವು ಗಟ್ಟಿ ಬೀಜಗಳೂ ಬೇಕು.

ಆಫ್ರಿಕನ್ ಗ್ರೇಗೆ ಕ್ಯಾಲ್ಸಿಯಂ ಮತ್ತು ಡಿ3 ಎರಡೂ ಸರಿಯಾಗಿರುವ ಪೆಲೆಟ್ ಆರಿಸಿ. ಕ್ಯಾಲ್ಸಿಯಂ ಎಷ್ಟಿದ್ದರೂ ಡಿ3 ಇಲ್ಲದಿದ್ದರೆ ಕರುಳು ಅದನ್ನು ಹೀರಿಕೊಳ್ಳಲಾರದು. ನೇರ ಬಿಸಿಲಿನಲ್ಲಿ ಹಕ್ಕಿಯ ಮೈಯಲ್ಲೇ ಡಿ3 ತಯಾರಾಗುತ್ತದೆ, ಆದರೆ ಗಾಜಿನ ಕಿಟಕಿ ದಾಟಿ ಬರುವ ಬಿಸಿಲಿನಿಂದ ಆಗುವುದಿಲ್ಲ. ಅದಕ್ಕೆ ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ.

ಬಜರಿಗಾರ್ (ಎಷ್ಟೋ ಜನ ಇದನ್ನೇ ಲವ್ ಬರ್ಡ್ಸ್ ಎನ್ನುತ್ತಾರೆ, ನಿಜವಾದ ಲವ್‌ಬರ್ಡ್ ಆಫ್ರಿಕಾ ಮೂಲದ ಬೇರೆ ಹಕ್ಕಿ) ಮತ್ತು ಕಾಕಟೀಲ್ ಒಣನಾಡಿನ ಹುಲ್ಲುಬೀಜ ತಿಂದು ಬದುಕುವ ಹಕ್ಕಿಗಳು. ಇವು ಬರೀ ಪೆಲೆಟ್ ಮೇಲೆ ನಿಲ್ಲಬೇಕೆಂದಿಲ್ಲ. ಪೆಲೆಟ್ ಅರ್ಧ, ಸಣ್ಣ ಕಾಳು ಕಾಲು, ಉಳಿದದ್ದು ಸೊಪ್ಪು ತರಕಾರಿ ಎಂಬ ಲೆಕ್ಕ ಇವಕ್ಕೆ ಒಳ್ಳೆಯದು. ವಿಟಮಿನ್ ಎ ವಿಷಯದಲ್ಲಿ ಈ ಸಣ್ಣ ಹಕ್ಕಿಗಳಿಗೆ ವಿಶೇಷ ಎಚ್ಚರ ಬೇಕು. ಕಾಕಟೀಲ್‌ಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಮರಿ ಮಾಡದ ವಯಸ್ಕ ಹಕ್ಕಿಗೆ ಈ ವಿಟಮಿನ್ನಿನ ಕೊರತೆಗಿಂತ ಅತಿಯೇ ಹೆಚ್ಚು ಹಾನಿ ಮಾಡುತ್ತದೆ ಎಂದು ತಿಳಿದುಬಂತು.

ಎಕ್ಲೆಕ್ಟಸ್ ಹಣ್ಣು, ಚಿಗುರು ತಿನ್ನುವ ಹಕ್ಕಿ. ವಿಟಮಿನ್ ಗಟ್ಟಿಯಾಗಿ ಬೆರೆಸಿದ ಪೆಲೆಟ್ ಹೆಚ್ಚಾದರೆ ಕಾಲ್ಬೆರಳು ತಟತಟ ಬಡಿಯುವುದು, ರೆಕ್ಕೆ ಕೊಡಹುವುದು ಕಾಣಿಸಿಕೊಳ್ಳುತ್ತದೆ ಎಂದು ಸಾಕುವವರೂ ವೈದ್ಯರೂ ಹೇಳುತ್ತಾರೆ. ಇದು ಪ್ರಯೋಗದ ಫಲಿತಾಂಶ ಅಲ್ಲ, ಅನುಭವದ ಮಾತು. ಆದರೂ ಇದಕ್ಕೆ ಬಣ್ಣವಿಲ್ಲದ ಪೆಲೆಟ್ಟನ್ನು ಮೂರನೇ ಒಂದು ಭಾಗದಷ್ಟೇ ಇಟ್ಟು, ಉಳಿದ ಜಾಗವನ್ನು ಸೊಪ್ಪು, ತರಕಾರಿ, ಹಣ್ಣಿಗೆ ಬಿಡುವುದು ಕ್ಷೇಮ.

ಲೋರಿ ಮತ್ತು ಲೋರಿಕೀಟ್ ಸಾಕಿದ್ದರೆ ಸಾಮಾನ್ಯ ಒಣ ಪೆಲೆಟ್ ನಿಮಗಲ್ಲ. ಅವು ಮಕರಂದ ಮತ್ತು ಪರಾಗ ತಿನ್ನುವ ಹಕ್ಕಿಗಳು, ನಾಲಗೆಯ ತುದಿ ಕುಂಚದ ಹಾಗಿರುತ್ತದೆ. ಜೊತೆಗೆ ಮೈಯಲ್ಲಿ ಕಬ್ಬಿಣ ಸೇರಿಕೊಂಡು ಪಿತ್ತಜನಕಾಂಗ ಹಾಳಾಗುವ ಅಪಾಯ ಇವಕ್ಕೆ ಉಂಟು. ಅವಕ್ಕೆಂದೇ ತಯಾರಿಸಿದ ಮಕರಂದ ಆಹಾರವನ್ನೇ ಕೊಡಬೇಕು.

ಹೇಗೆ ತಯಾರಾದದ್ದು?

ಪೆಲೆಟ್ ಮಾಡುವ ಬಗೆ ಮುಖ್ಯವಾಗಿ ಮೂರು. ಮೊದಲನೆಯದು ಎಕ್ಸ್‌ಟ್ರೂಡೆಡ್: ಹಿಟ್ಟಿಗೆ ನೀರು, ಹಬೆ ಸೇರಿಸಿ, ಹೆಚ್ಚು ಶಾಖ ಮತ್ತು ಒತ್ತಡದಲ್ಲಿ ತೂತಿನ ಬಿಲ್ಲೆಯ ಮೂಲಕ ಹಿಂಡುತ್ತಾರೆ. ಹೊರಬಂದ ಕೂಡಲೇ ಅದು ಉಬ್ಬುತ್ತದೆ. ಪಿಷ್ಟ ಪೂರ್ತಿ ಬೇಯುವುದರಿಂದ ಜೀರ್ಣ ಸಲೀಸು, ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಆದರೆ ಶಾಖಕ್ಕೆ ನಾಶವಾಗುವ ವಿಟಮಿನ್‌ಗಳ ನಷ್ಟ ತುಂಬಲು ಮೊದಲೇ ಹೆಚ್ಚಿಗೆ ಹಾಕಬೇಕು, ಇಲ್ಲವೇ ಆಮೇಲೆ ಮೇಲೆ ಸಿಂಪಡಿಸಬೇಕು. ನಂಬಿಕಸ್ಥ ತಯಾರಕರು ಈ ಲೆಕ್ಕ ಹಾಕಿಯೇ ಮಾಡುತ್ತಾರೆ. ಅಗ್ಗದ, ತಯಾರಿಕೆಯ ದಿನಾಂಕವಿಲ್ಲದ ಮಾಲಿನಲ್ಲಿ ಆ ಖಾತ್ರಿ ಇರುವುದಿಲ್ಲ.

ಎರಡನೆಯದು ಹಬೆಯಲ್ಲಿ ಹದ ಮಾಡಿ ಒತ್ತಿದ್ದು. ಶಾಖ ಕಡಿಮೆ, ಉಬ್ಬುವುದಿಲ್ಲ, ಗಟ್ಟಿಯಾಗಿ ಸಣ್ಣ ಕಡ್ಡಿಯಂತೆ ಇರುತ್ತದೆ. ಮೂರನೆಯದು ತಣ್ಣಗೆ ಒತ್ತಿದ್ದು, ಅಂದರೆ ಕೋಲ್ಡ್ ಪ್ರೆಸ್ಡ್. ಸೊಪ್ಪು, ಬೀಜ, ಧಾನ್ಯದ ಪುಡಿಯನ್ನು ಒತ್ತಡದಿಂದಲೇ ಅಂಟಿಸಿರುತ್ತಾರೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಸ್ವಾಭಾವಿಕ ಎಂಬ ಆಕರ್ಷಣೆ ಇದಕ್ಕಿದೆ. ಆದರೆ ಇದರಲ್ಲಿ ಕೆಲವಕ್ಕೆ ವಿಟಮಿನ್, ಖನಿಜ ಏನನ್ನೂ ಹೊರಗಿನಿಂದ ಸೇರಿಸಿರುವುದಿಲ್ಲ. ಹೊರಗಿನಿಂದ ಡಿ3 ಸೇರಿಸದ, ಗಿಡಮೂಲದ ಪದಾರ್ಥಗಳಿಂದಷ್ಟೇ ಮಾಡಿದ ಪೆಲೆಟ್ಟಿನಲ್ಲಿ ಡಿ3 ಸಾಕಷ್ಟು ಸಿಗದು. ಅಂಥದ್ದನ್ನು ಊಟದ ಒಂದು ಭಾಗ ಎಂದು ಎಣಿಸಿ, ಸಂಪೂರ್ಣ ಆಹಾರ ಎಂದು ಎಣಿಸಬೇಡಿ. ಬಿಸಿಲಿಗೆ ಹೋಗದ ಗ್ರೇ ಗಿಳಿಗೆ ಇದೊಂದನ್ನೇ ಕೊಟ್ಟರೆ ತೊಂದರೆ ಖಂಡಿತ.

ನೀರಿಗೆ ಹಾಕಿದಾಗ ಉಬ್ಬಿತು, ಕರಗಿತು, ಕರಗಲಿಲ್ಲ ಎಂದು ಗುಣಮಟ್ಟ ಅಳೆಯುವ ಪರೀಕ್ಷೆಗೆ ಅರ್ಥವಿಲ್ಲ. ಅದು ತಯಾರಿಕೆಯ ಬಗೆಯನ್ನಷ್ಟೇ ಹೇಳುತ್ತದೆ. ಮೂಗಿನ ಪರೀಕ್ಷೆ ಮಾತ್ರ ನಿಜವಾದದ್ದು: ನಾಲ್ಕು ಪೆಲೆಟ್ ಅಂಗೈಯಲ್ಲಿ ಹಿಸುಕಿ ಮೂಸಿ. ಹಸಿ ಹಿಟ್ಟಿನ, ಹುರಿದ ಧಾನ್ಯದ ವಾಸನೆ ಬರಬೇಕು. ಹಳೇ ಎಣ್ಣೆಯ ಕಮಟು ಅಥವಾ ಬಣ್ಣದ ಡಬ್ಬಿಯ ಘಾಟು ಬಂದರೆ ಕೊಬ್ಬು ಕೆಟ್ಟಿದೆ, ವಿಟಮಿನ್ ಎ ಮತ್ತು ಇ ಕೂಡ ಹೋಗಿವೆ ಎಂದೇ ತಿಳಿಯಿರಿ.

ಹಿಂಬದಿಯ ಅಂಕಿಗಳು

ನಾಯಿ ಬೆಕ್ಕಿನ ಆಹಾರಕ್ಕೆ ಇರುವಂಥ ಅಧಿಕೃತ ಪೋಷಕಾಂಶ ಪಟ್ಟಿ ಗಿಳಿಗಳಿಗೆ ಇಲ್ಲ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ತಜ್ಞರ ಸಮಿತಿ 1998ರಲ್ಲಿ ಸೂಚಿಸಿದ ಅಂಕಿಗಳನ್ನೇ ಇವತ್ತಿಗೂ ಅಳತೆಗೋಲಾಗಿ ಬಳಸುತ್ತಾರೆ. ಹಾಗಾಗಿ ಚೀಲದ ಮುಂದೆ ದಪ್ಪಕ್ಷರದಲ್ಲಿರುವ 'ಸಂಪೂರ್ಣ, ಸಮತೋಲಿತ' ಎಂಬ ಮಾತನ್ನು ಅಂಕಿಗಳ ಜೊತೆ ಹೋಲಿಸದೆ ಒಪ್ಪಬೇಡಿ.

ಮರಿ ಮಾಡದ ವಯಸ್ಕ ಗಿಳಿಗೆ ಪ್ರೋಟೀನ್ ಕನಿಷ್ಠ 12%ರ ಆಸುಪಾಸು. 11 ಇದ್ದರೂ ಲೈಸೀನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳನ್ನು ಸೇರಿಸಿದ್ದರೆ ಸಾಕಾಗುತ್ತದೆ, ಇವೆರಡರ ಹೆಸರು ಪದಾರ್ಥಗಳ ಪಟ್ಟಿಯಲ್ಲಿ ಇದೆಯೇ ನೋಡಿ. ಬೆಳೆಯುವ ಮರಿಗಳ ಅಗತ್ಯ ಬೇರೆ. ಕಾಕಟೀಲ್ ಮರಿಗಳಿಗೆ 20% ಪ್ರೋಟೀನ್ ಬೇಕೆಂದು 1986ರಲ್ಲೇ ರೌಡಿಬುಶ್ ಮತ್ತು ಗ್ರಾವ್ ಎಂಬ ಸಂಶೋಧಕರು ತೋರಿಸಿದ್ದರು. ಆ ಅಂಕಿಯನ್ನು ತಂದು ದೊಡ್ಡ ಹಕ್ಕಿಗೂ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವುದು ತಪ್ಪು.

ಕ್ಯಾಲ್ಸಿಯಂ 0.3ರಿಂದ 1.2%ರ ಒಳಗೆ ಇರಬೇಕು, ರಂಜಕಕ್ಕೆ ಅದರ ಅನುಪಾತ 1:1ರಿಂದ 2:1. ಡಿ3 ಪ್ರತಿ ಕಿಲೋಗೆ 500ರಿಂದ 2000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ). ಲೇಬಲ್ ಮೇಲೆ ಬರೀ 'ವಿಟಮಿನ್ ಡಿ' ಎಂದಿದ್ದರೆ ಅದು ಡಿ3 ಎಂಬುದನ್ನು ಖಚಿತ ಮಾಡಿಕೊಳ್ಳಿ. ಗಿಡಮೂಲದ ಡಿ2 ಹಕ್ಕಿಗಳಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ವಿಟಮಿನ್ ಎಯನ್ನು ಪೂರ್ತಿ ತಯಾರು ರೂಪದಲ್ಲಿ ಸುರಿದಿರುವುದಕ್ಕಿಂತ ಒಂದಷ್ಟು ಪಾಲನ್ನು ಬೀಟಾ ಕ್ಯಾರೋಟಿನ್ ಆಗಿ ಕೊಟ್ಟಿದ್ದರೆ ಮೇಲು, ಏಕೆಂದರೆ ಹಕ್ಕಿ ತನಗೆ ಬೇಕಾದಷ್ಟನ್ನೇ ಅದರಿಂದ ವಿಟಮಿನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ.

ಅಳತೆಯ ಘಟಕವನ್ನೂ ಗಮನಿಸಿ. ಕೆಲವು ಚೀಲಗಳಲ್ಲಿ ಐಯು ಲೆಕ್ಕ ಕಿಲೋಗೆ ಇರುತ್ತದೆ, ಕೆಲವದರಲ್ಲಿ ಪೌಂಡ್‌ಗೆ. ಪೌಂಡಿನ ಅಂಕಿಯನ್ನು 2.2ರಿಂದ ಗುಣಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಇದನ್ನು ಮರೆತು ಎರಡು ಚೀಲ ಹೋಲಿಸಿದರೆ ಹೆಚ್ಚು ಇರುವುದೇ ಕಡಿಮೆ ಎನಿಸಿಬಿಡುತ್ತದೆ.

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೆಕ್ಕೆಜೋಳ, ಸೋಯಾ ಮೊದಲ ಸಾಲಿನಲ್ಲಿದ್ದರೆ ಗಾಬರಿ ಬೇಡ. ಎರಡೂ ಸೇರಿದಾಗ ಒಂದರ ಅಮೈನೋ ಆಮ್ಲದ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೆಕ್ಕೆಜೋಳ ಮತ್ತು ಕಡಲೆಕಾಯಿಯ ನಿಜವಾದ ಭಯ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ. ಅದಕ್ಕೆ ಪರೀಕ್ಷೆ ಮಾಡಿಸುತ್ತೇವೆ ಎಂದು ಬಹಿರಂಗವಾಗಿ ಹೇಳುವ ತಯಾರಕರಿಗೆ ಒಂದು ಅಂಕ ಜಾಸ್ತಿ ಕೊಡಿ. ಕೆಡದಂತೆ ಕಾಯಲು ಎಥಾಕ್ಸಿಕ್ವಿನ್, ಬಿಎಚ್ಎ ಬಳಸಿದ್ದಕ್ಕಿಂತ ಟೋಕೋಫೆರಾಲ್, ಅಂದರೆ ವಿಟಮಿನ್ ಇ ಬಳಸಿದ್ದನ್ನೇ ಆರಿಸಿ. ಆದರೆ ಟೋಕೋಫೆರಾಲ್ ಚೀಲ ಅಷ್ಟು ದಿನ ಬಾಳುವುದಿಲ್ಲ, ಸಣ್ಣ ಪೊಟ್ಟಣ ತನ್ನಿ.

ಬಣ್ಣದ ಪೆಲೆಟ್ ಬೇಡ ಎನ್ನಲು ಕಾರಣ

ಕೆಂಪು, ಹಸಿರು, ನೇರಳೆ ಪೆಲೆಟ್ ನೋಡಲು ಚೆಂದ, ಹಕ್ಕಿಗಳಿಗೂ ಇಷ್ಟ. ಅದರಲ್ಲಿರುವ ಬಣ್ಣದಿಂದ ವಿಷವೇರುತ್ತದೆ ಎಂದು ನಾವು ಹೆದರಿಸುವುದಿಲ್ಲ. ತಕರಾರು ಬೇರೆಯೇ: ಹಿಕ್ಕೆ.

ಗಿಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಮನೆಯಲ್ಲಿ ಅದರ ಆರೋಗ್ಯದ ಮೊದಲ ಸುಳಿವು ಸಿಗುವುದು ಪಂಜರದ ತಳದ ಕಾಗದದ ಮೇಲೆ. ಸರಿಯಾದ ಹಿಕ್ಕೆಯಲ್ಲಿ ಮೂರು ಭಾಗ: ಹಸಿರು ಅಥವಾ ಕಂದು ಬಣ್ಣದ ಸುರುಳಿ, ಅದರ ಮೇಲೆ ಸುಣ್ಣದಂಥ ಬಿಳಿ ಯೂರೇಟ್, ಸುತ್ತ ಒಂದಿಷ್ಟು ತಿಳಿನೀರು. ಬಿಳಿ ಭಾಗ ಹಳದಿಗೋ ಕಡು ಹಸಿರಿಗೋ ತಿರುಗಿದರೆ ಪಿತ್ತಜನಕಾಂಗದ ತೊಂದರೆ. ಕೆಂಪು ಕಂಡರೆ ರಕ್ತ, ಅಥವಾ ಸತು, ಸೀಸದ ವಿಷ. ಇನ್ನು ಕೆಂಪು ಪೆಲೆಟ್ ತಿಂದ ಹಕ್ಕಿಯ ಹಿಕ್ಕೆಯೂ ಕೆಂಪು, ಹಸಿರು ಆರಿಸಿ ತಿಂದದ್ದರ ಹಿಕ್ಕೆ ಹಸಿರು. ಆ ದಿನ ರಕ್ತ ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಬಣ್ಣವಿಲ್ಲದ ಕಂದು ಪೆಲೆಟ್ ತಿಂದ ಹಕ್ಕಿಯ ಹಿಕ್ಕೆ ಒಂದೇ ತೆರನಾಗಿ ಕಂದು ಇರುತ್ತದೆ, ಬದಲಾವಣೆ ಕಂಡರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಎರಡನೇ ತಕರಾರು, ಬಣ್ಣ ಹಾಕಿದ ಮೇಲೆ ಹಕ್ಕಿ ಮತ್ತೆ ಹೆಕ್ಕಲು ಶುರು ಮಾಡುತ್ತದೆ. ಕೆಂಪನ್ನೇ ತಿಂದು ಹಸಿರನ್ನು ಕೆಳಗೆ ಎಸೆಯುತ್ತದೆ. ಪೋಷಕಾಂಶದಲ್ಲಿ ಎಲ್ಲವೂ ಒಂದೇ ಆದ್ದರಿಂದ ಹಾನಿಯಿಲ್ಲ, ಆದರೆ ಅರ್ಧ ಚೀಲ ಕಸಕ್ಕೆ. ಸಕ್ಕರೆಯನ್ನೂ ಗಮನಿಸಿ: ಪದಾರ್ಥಗಳ ಪಟ್ಟಿಯ ಮೊದಲ ಐದಾರು ಹೆಸರುಗಳಲ್ಲೇ ಅದು ಬಂದರೆ ಆ ಚೀಲ ಬಿಟ್ಟುಬಿಡಿ.

ಆದರೂ ಬಣ್ಣದ ಪೆಲೆಟ್ಟಿಗೆ ಒಂದು ಉಪಯೋಗ ಇದೆ. ಹಟಮಾರಿ ಹಕ್ಕಿ ಕಾಳು ಬಿಟ್ಟು ಬೇರೆ ಏನನ್ನೂ ಮುಟ್ಟದಿದ್ದಾಗ, ಹಣ್ಣಿನ ವಾಸನೆಯ ಬಣ್ಣದ ಪೆಲೆಟ್ಟನ್ನು ಮೆಟ್ಟಿಲಾಗಿ ಬಳಸಿ, ಒಗ್ಗಿದ ಮೇಲೆ ಅದೇ ಕಂಪನಿಯ ಬಣ್ಣವಿಲ್ಲದ್ದಕ್ಕೆ ದಾಟಬಹುದು.

ಹೆಸರಾದ ಕೆಲವು

ಹ್ಯಾರಿಸನ್ಸ್ ಸಾವಯವ ಪದಾರ್ಥಗಳದ್ದು, ಬಣ್ಣವಿಲ್ಲ. ಇದರಲ್ಲಿ ಎರಡು ಮುಖ್ಯ ಬಗೆ: ಹೈ ಪೊಟೆನ್ಸಿ (ಪ್ರೋಟೀನ್ 18%, ಕೊಬ್ಬು 15%) ಮತ್ತು ಅಡಲ್ಟ್ ಲೈಫ್‌ಟೈಮ್, ಇದರಲ್ಲಿ ಎರಡೂ ಕಡಿಮೆ. ಕಾಳಿನಿಂದ ಬಿಡಿಸುವಾಗ, ಮರಿ ಮಾಡುವಾಗ, ಬಡಕಲಾದ ಹಕ್ಕಿಗೆ ಮೊದಲನೆಯದು. ಬೊಜ್ಜಿನ ಜಾತಿಗಳನ್ನು ಬೇಗ ಎರಡನೆಯದಕ್ಕೆ ತರಬೇಕು. ಕೊಬ್ಬು ಹೆಚ್ಚಿರುವುದರಿಂದ ಹೈ ಪೊಟೆನ್ಸಿ ಬೇಗ ಕಮಟಾಗುತ್ತದೆ ಎಂಬುದೂ ನೆನಪಿರಲಿ.

ರೌಡಿಬುಶ್ ಮೇಲೆ ಹೇಳಿದ ಅದೇ ಹೆಸರಿನ ಸಂಶೋಧಕರು ರೂಪಿಸಿದ್ದು, ಹಬೆಯಲ್ಲಿ ಒತ್ತಿದ್ದು. ಡೈಲಿ ಮೇಂಟೆನನ್ಸ್‌ನಲ್ಲಿ ಪ್ರೋಟೀನ್ 11%, ಕೊಬ್ಬು ಇನ್ನೂ ಕಡಿಮೆ ಬೇಕಾದವಕ್ಕೆ ಲೋ ಫ್ಯಾಟ್ ಬಗೆ ಬೇರೆಯೇ ಇದೆ. ಕೂತಲ್ಲೇ ಕೂರುವ ಅಮೆಜಾನ್‌ಗೆ, ಮೂತ್ರಪಿಂಡ ದುರ್ಬಲವಾದ ಹಿರಿಯ ಹಕ್ಕಿಗೆ ನಮ್ಮ ಮೊದಲ ಆಯ್ಕೆ ಈ ಸಾಲಿನದು. ಕಂದು, ಸಪ್ಪೆ. ಹಕ್ಕಿ ಒಪ್ಪಿಕೊಳ್ಳಲು ಸಮಯ ಹಿಡಿಯುತ್ತದೆ.

ಜೂಪ್ರೀಮ್‌ನ ಫ್ರೂಟ್‌ಬ್ಲೆಂಡ್ ಬಣ್ಣಬಣ್ಣದ್ದು, ನ್ಯಾಚುರಲ್ ಬಣ್ಣವಿಲ್ಲದ್ದು. ಎರಡರಲ್ಲೂ ಪ್ರೋಟೀನ್ ಕನಿಷ್ಠ 14%, ಕೊಬ್ಬು ಕನಿಷ್ಠ 4%. ಮೇಲೆ ಹೇಳಿದ ಮೆಟ್ಟಿಲಿನ ಉಪಾಯಕ್ಕೆ ಈ ಜೋಡಿ ಹೇಳಿ ಮಾಡಿಸಿದಂತಿದೆ. ವರ್ಸೆಲೆ ಲಾಗಾದ ನ್ಯೂಟ್ರಿಬರ್ಡ್ ಸಾಲಿನಲ್ಲಿ ಹೆಸರಿನ ಅಂಕಿಯೇ ಪ್ರೋಟೀನ್: ಪಿ15 ನಿರ್ವಹಣೆಗೆ, ಪಿ19 ಮರಿ ಮಾಡುವ ಕಾಲಕ್ಕೆ, ಬಿ14 ಬಜರಿಗಾರ್‌ನಂಥ ಸಣ್ಣವಕ್ಕೆ. ಒರಿಜಿನಲ್ ಎಂದಿರುವುದು ಒಂದೇ ಬಣ್ಣದ್ದು, ಟ್ರಾಪಿಕಲ್ ಬಣ್ಣಬಣ್ಣದ್ದು.

ಟಾಪ್ಸ್ ತಣ್ಣಗೆ ಒತ್ತಿದ ಸಾವಯವ ಪೆಲೆಟ್, ಕೃತಕ ವಿಟಮಿನ್ ಸೇರಿಸಿಲ್ಲ. ಎಕ್ಲೆಕ್ಟಸ್ ಸಾಕುವವರು ಇಷ್ಟಪಡಲು ಅದೇ ಕಾರಣ. ಆದರೆ ಅದರ ಜೊತೆಗೆ ಬೇರೆ ಊಟ ಮತ್ತು ನೇರ ಬಿಸಿಲು ಇರಲೇಬೇಕು. ಲಫೀಬರ್‌ನ ನ್ಯೂಟ್ರಿಬೆರೀಸ್ ಪೆಲೆಟ್ ಅಲ್ಲ, ಸಿಪ್ಪೆ ತೆಗೆದ ಕಾಳು ಮತ್ತು ಪೋಷಕಾಂಶದ ಹಿಟ್ಟನ್ನು ಉಂಡೆ ಕಟ್ಟಿದ್ದು. ಕಾಳಿನ ಚಟದ ಹಕ್ಕಿಗೆ ಸೇತುವೆಯಾಗಿ ಬಹಳ ಉಪಯೋಗ.

ತಯಾರಕರು ಆಗಾಗ ಪಾಕ ಬದಲಿಸುತ್ತಾರೆ. ಹೊಸ ಚೀಲ ತಂದಾಗಲೆಲ್ಲ ಹಿಂಬದಿ ಮತ್ತೊಮ್ಮೆ ಓದಿ.

ಗಾತ್ರದ ಬಗ್ಗೆ ಒಂದು ಮಾತು. ಬಜರಿಗಾರ್‌ಗೆ ರವೆಯಂಥ ನುಚ್ಚು, ಕಾಕಟೀಲ್‌ಗೆ 2ರಿಂದ 3 ಮಿಲಿಮೀಟರ್, ಕೊನ್ಯೂರ್ ಮತ್ತು ರಿಂಗ್‌ನೆಕ್‌ಗೆ ಅದಕ್ಕಿಂತ ತುಸು ದೊಡ್ಡದು. ಗ್ರೇ, ಅಮೆಜಾನ್, ಮಕಾವ್‌ಗಳು ಕಾಲಲ್ಲಿ ಹಿಡಿದು ತಿನ್ನುವಂಥವು. ಅವಕ್ಕೆ ಹಿಡಿಯಲು ಸಿಗುವಷ್ಟು ದೊಡ್ಡ ತುಂಡು ಬೇಕು, ಆದರೆ ತೀರಾ ದೊಡ್ಡದಾದರೆ ಎರಡು ಕಚ್ಚು ಕಚ್ಚಿ ಉಳಿದದ್ದನ್ನು ಬೀಳಿಸುತ್ತವೆ.

ಬಟ್ಟಲಲ್ಲಿ ಪೆಲೆಟ್ಟಿನ ಪಾಲು

ಒಳ್ಳೆಯ ಪೆಲೆಟ್ ತಂದು, ಅದರ ಪಕ್ಕದಲ್ಲಿ ಸೂರ್ಯಕಾಂತಿ ಬೀಜವನ್ನೂ ಬೇಕಾದಷ್ಟು ಇಟ್ಟರೆ ಹಣ ನೀರಿಗೆ ಹಾಕಿದಂತೆ. ಲೆಕ್ಕ ನೋಡಿ. 420 ಗ್ರಾಂ ತೂಕದ ಗ್ರೇ ಗಿಳಿ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಪೆಲೆಟ್ ತಿನ್ನುತ್ತದೆ. ಗ್ರಾಂಗೆ ಮೂರೂವರೆ ಕಿಲೋಕ್ಯಾಲರಿ ಎಂದಿಟ್ಟುಕೊಂಡರೆ ದಿನಕ್ಕೆ 90ರಿಂದ 105. ಸೂರ್ಯಕಾಂತಿ ತಿರುಳು ಗ್ರಾಂಗೆ ಆರು ಕಿಲೋಕ್ಯಾಲರಿಗೆ ಹತ್ತಿರ. ಅಂದರೆ ಹತ್ತೇ ಗ್ರಾಂ ತಿರುಳು ಹೊಟ್ಟೆ ಸೇರಿದರೆ ಆ ದಿನದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಪೆಲೆಟ್ ಅರ್ಧಕ್ಕಿಳಿಯುತ್ತದೆ, ಅದರ ಜೊತೆಗೆ ವಿಟಮಿನ್ ಎ, ಡಿ3, ಕ್ಯಾಲ್ಸಿಯಂ ಎಲ್ಲವೂ ಅರ್ಧಕ್ಕಿಳಿಯುತ್ತವೆ.

ಸೊಪ್ಪು, ತರಕಾರಿಗಳ ಕತೆ ಹಾಗಲ್ಲ. ಅವುಗಳಲ್ಲಿ 85ರಿಂದ 90 ಭಾಗ ನೀರು. ಇಪ್ಪತ್ತು ಗ್ರಾಂ ಕ್ಯಾರೆಟ್ ತಿಂದರೂ ಒಣ ಲೆಕ್ಕದಲ್ಲಿ ಎರಡು ಎರಡೂವರೆ ಗ್ರಾಂ ಮಾತ್ರ. ಆದ್ದರಿಂದ ಕ್ಯಾರೆಟ್, ಕುಂಬಳ, ಗೆಣಸು, ಕೆಂಪು ದಪ್ಪಮೆಣಸಿನಕಾಯಿ, ಕಡು ಹಸಿರು ಸೊಪ್ಪನ್ನು ಧಾರಾಳವಾಗಿ ಕೊಡಿ. ಬಹುತೇಕ ಜಾತಿಗಳಿಗೆ ಪೆಲೆಟ್ 60ರಿಂದ 80%, ಉಳಿದದ್ದರಲ್ಲಿ ಹೆಚ್ಚಿನ ಪಾಲು ತರಕಾರಿ, ಕಾಳು ಬಹುಮಾನದ ರೂಪದಲ್ಲಿ ಮಾತ್ರ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಮದ್ಯ ಯಾವ ಗಿಳಿಗೂ ಕೂಡದು. ಬೆಣ್ಣೆಹಣ್ಣು ಹೃದಯಕ್ಕೇ ಪೆಟ್ಟು ಕೊಡುತ್ತದೆ.

ಊಟದ ಬಹುಪಾಲು ಪೆಲೆಟ್ ಆದ ಮೇಲೆ ನೀರಿಗೆ ಹಾಕುವ ವಿಟಮಿನ್ ಹನಿ ನಿಲ್ಲಿಸಿ. ಡಿ3 ಮೈಯಲ್ಲಿ ಸೇರಿಕೊಳ್ಳುವ ವಿಟಮಿನ್. ಅತಿಯಾದರೆ ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿ ಕಲ್ಲಿನಂತೆ ಕೂರುತ್ತದೆ, ಮಕಾವ್ ಮರಿಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಮರಳು, ಗ್ರಿಟ್ (ಹೊಟ್ಟೆಯಲ್ಲಿ ಕಾಳು ಅರೆಯಲೆಂದು ಹಕ್ಕಿಗಳು ನುಂಗುವ ಕಲ್ಲುಚೂರು) ಕೂಡ ಬೇಡ. ಗಿಳಿ ಸಿಪ್ಪೆ ಸುಲಿದೇ ತಿನ್ನುವ ಹಕ್ಕಿ, ಪಾರಿವಾಳದಂತೆ ಇಡೀ ಕಾಳು ನುಂಗುವುದಲ್ಲ.

ಕಾಳು ಬಿಡಿಸುವುದು

ಆಯ್ಕೆ ಎಷ್ಟೇ ಸರಿಯಿದ್ದರೂ ಹೆಚ್ಚಿನವರು ಸೋಲುವುದು ಇಲ್ಲಿ. ಕಾಳು ತಿಂದು ಬೆಳೆದ ಹಕ್ಕಿಗೆ ಪೆಲೆಟ್ ತಿನ್ನುವ ವಸ್ತು ಎಂದೇ ಅನಿಸುವುದಿಲ್ಲ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಒಮ್ಮೆಲೇ ಕಾಳು ತೆಗೆದುಬಿಟ್ಟರೆ ಅದು ಪೆಲೆಟ್ ತುಂಬಿದ ಬಟ್ಟಲಿನ ಮುಂದೆಯೇ ಉಪವಾಸ ಸಾಯಬಹುದು. ಬಜರಿಗಾರ್‌ನಂಥ ಸಣ್ಣ ಹಕ್ಕಿಗೆ ಒಂದೆರಡು ದಿನದ ಉಪವಾಸವೇ ಪ್ರಾಣಾಪಾಯ. ಈ ಕೆಲಸದಲ್ಲಿ ಆತುರ ಎಂಬುದಕ್ಕೆ ಜಾಗವೇ ಇಲ್ಲ.

ಮೊದಲು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ತನ್ನಿ. ಮೂರು ದಿನ ಬೆಳಿಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ಊಟ ಇಡುವ ಮುಂಚೆ ತೂಗಿ ಸರಾಸರಿ ಬರೆದಿಡಿ. ಅದು ನಿಮ್ಮ ಆಧಾರ ತೂಕ. ಅಲ್ಲಿಂದ ದಿನವೂ ಅದೇ ಹೊತ್ತಿಗೆ ತೂಗಿ. 5% ಇಳಿದರೆ ವೇಗ ತಗ್ಗಿಸಿ, 10% ಮುಟ್ಟಿದರೆ ತಕ್ಷಣ ಹಳೇ ಕಾಳಿಗೆ ಮರಳಿ ವೈದ್ಯರನ್ನು ಕೇಳಿ. 90 ಗ್ರಾಂ ಕಾಕಟೀಲ್‌ಗೆ ಆ ಎರಡು ಗೆರೆಗಳು 85.5 ಮತ್ತು 81 ಗ್ರಾಂ. 35 ಗ್ರಾಂ ಬಜರಿಗಾರ್‌ಗೆ ಒಟ್ಟು ಅಂತರವೇ ಮೂರೂವರೆ ಗ್ರಾಂ, ಹಾಗಾಗಿ ಅರ್ಧ ಗ್ರಾಂ ತೋರಿಸದ ತಕ್ಕಡಿ ಅದಕ್ಕೆ ಸಾಲದು. ಕಾಯಿಲೆ ಬಿದ್ದ, ಗರಿ ಉದುರಿಸುತ್ತಿರುವ, ಮೊಟ್ಟೆ ಇಡುತ್ತಿರುವ, ಮನೆಗೆ ಹೊಸದಾಗಿ ಬಂದ ಹಕ್ಕಿಯ ಮೇಲೆ ಈ ಪ್ರಯತ್ನ ಮಾಡಬೇಡಿ. ಬಹಳ ವರ್ಷ ಕಾಳು ತಿಂದ ದಪ್ಪ ಹಕ್ಕಿಗೆ ಮೊದಲೇ ಪರೀಕ್ಷೆ ಮಾಡಿಸಿ. ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟಿದ್ದರೆ ಒಂದು ದಿನದ ಹಸಿವೂ ಅದನ್ನು ನೆಲಕ್ಕೆ ತರುತ್ತದೆ.

ಕಾಳಿನ ಬಟ್ಟಲಲ್ಲೇ ಪೆಲೆಟ್ ಬೆರೆಸುವ ಉಪಾಯ ಎಲ್ಲರಿಗೂ ಗೊತ್ತು. ಹೆಚ್ಚಿನ ಹಕ್ಕಿಗಳು ಅದನ್ನು ಹೆಕ್ಕಿ ಎಸೆಯುತ್ತವೆ ಅಷ್ಟೇ. ಹೊತ್ತಿನ ಲೆಕ್ಕದ ಉಪಾಯ ಚೆನ್ನಾಗಿ ನಡೆಯುತ್ತದೆ: ಬೆಳಿಗ್ಗೆ ಎದ್ದ ಕೂಡಲೇ, ಹಸಿವು ಜೋರಾಗಿರುವಾಗ, ಪೆಲೆಟ್ ಮಾತ್ರ ಎರಡು ಗಂಟೆ. ಆಮೇಲೆ ಹಳೇ ಕಾಳು ಅರ್ಧ ಗಂಟೆ. ಮಧ್ಯಾಹ್ನ ಮತ್ತೆ ಪೆಲೆಟ್ ಮತ್ತು ತರಕಾರಿ. ಸಂಜೆ ಮಲಗುವ ಮುಂಚೆ ಕಾಳು ಅರ್ಧ ಗಂಟೆ. ತೂಕ ನಿಂತಿದ್ದರೆ ವಾರವಾರ ಕಾಳಿನ ಹೊತ್ತನ್ನು ಐದೈದು ನಿಮಿಷ ಇಳಿಸಿ. ಕೆಲವು ಹಕ್ಕಿಗೆ ಎರಡು ವಾರ ಸಾಕು, ಕೆಲವಕ್ಕೆ ಆರು ತಿಂಗಳು.

ಬಜರಿಗಾರ್ ಮತ್ತು ಕಾಕಟೀಲ್ ನೆಲದಲ್ಲಿ ಹೆಕ್ಕಿ ತಿನ್ನುವ ಹಕ್ಕಿಗಳು. ಚಪ್ಪಟೆ ತಟ್ಟೆಯಲ್ಲೋ ಮಲಗಿಸಿದ ಸಣ್ಣ ಕನ್ನಡಿಯ ಮೇಲೋ ನುಚ್ಚು ಚೆಲ್ಲಿದರೆ ಇನ್ನೊಂದು ಹಕ್ಕಿ ಹೆಕ್ಕುತ್ತಿದೆ ಎಂದುಕೊಂಡು ತಾವೂ ಹೆಕ್ಕುತ್ತವೆ. ಒದ್ದೆ ಕ್ಯಾರೆಟ್ ತುರಿಯ ಮೇಲೆ ಪೆಲೆಟ್ ಪುಡಿ ಉದುರಿಸಿದರೆ ಅಂಟಿಕೊಂಡು ಒಳಗೆ ಹೋಗುತ್ತದೆ. ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿದರೆ ಮರಿಯಾಗಿದ್ದಾಗ ತಿಂದ ಗಂಜಿಯ ನೆನಪಿಗೆ ಕೆಲವು ಹಕ್ಕಿ ಬಾಯಿ ಹಾಕುತ್ತವೆ. ನೆನೆದದ್ದನ್ನು ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ನೀವು ಅದರ ಎದುರಲ್ಲೇ ಒಂದು ಪೆಲೆಟ್ ತುಟಿಗೆ ತಾಗಿಸಿ ತಿನ್ನುವಂತೆ ನಟಿಸಿ. ತನ್ನ ಗುಂಪಿನವರು ತಿಂದದ್ದನ್ನು ಗಿಳಿ ನಂಬುತ್ತದೆ.

ತಿಂದಿತೋ ಇಲ್ಲವೋ ಎಂದು ಬಟ್ಟಲು ನೋಡಿ ತೀರ್ಮಾನಿಸಬೇಡಿ. ಪೆಲೆಟ್ಟನ್ನು ಕೊಕ್ಕಲ್ಲಿ ಪುಡಿ ಮಾಡಿ ಉಗುಳುವುದು ಆಟ, ಊಟವಲ್ಲ. ಇಟ್ಟದ್ದನ್ನು ತೂಗಿ, ಉಳಿದದ್ದನ್ನೂ ಕೆಳಗೆ ಬಿದ್ದ ಪುಡಿಯನ್ನೂ ತೂಗಿ ಕಳೆಯಿರಿ. ಹಿಕ್ಕೆಯೂ ಹೇಳುತ್ತದೆ: ಪೆಲೆಟ್ ಒಳಗೆ ಹೋದರೆ ಸುರುಳಿ ದಪ್ಪಗೆ, ಕಂದಾಗಿ, ಮೆತ್ತಗೆ ಇರುತ್ತದೆ, ನೀರೂ ಸ್ವಲ್ಪ ಹೆಚ್ಚು. ಹಕ್ಕಿ ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತದೆ, ಅದು ಸಹಜ. ಸಣ್ಣಗೆ, ಕಡು ಹಸಿರು ಕಪ್ಪಾಗಿ, ಅಂಟಂಟಾಗಿ ಎರಡು ಮೂರು ತೊಟ್ಟು ಮಾತ್ರ ಬಿದ್ದಿದ್ದರೆ ಹೊಟ್ಟೆ ಖಾಲಿ ಎಂದರ್ಥ. ಅವತ್ತೇ ಕಾಳು ಕೊಡಿ.

ಚೀಲ ತೆರೆದ ಮೇಲೆ

ಆರರಿಂದ ಎಂಟು ವಾರದಲ್ಲಿ ಮುಗಿಯುವಷ್ಟೇ ತನ್ನಿ. ದಿನಕ್ಕೆ 30 ಗ್ರಾಂ ತಿನ್ನುವ ಹಕ್ಕಿಗೆ ಎಂಟು ವಾರಕ್ಕೆ ಒಂದೂಮುಕ್ಕಾಲು ಕಿಲೋ ಸಾಕು. ಹತ್ತು ಕಿಲೋ ಚೀಲ ಅಗ್ಗ ಅಂತ ತಂದರೆ ಕೊನೆಯ ಅರ್ಧದಲ್ಲಿ ವಿಟಮಿನ್ ಇರುವುದಿಲ್ಲ. ಬೇರೆ ಡಬ್ಬಿಗೆ ಸುರಿಯಬೇಡಿ, ಮೂಲ ಚೀಲವನ್ನೇ ಗಾಳಿ ಹಿಂಡಿ ಮಡಚಿ ಡಬ್ಬಿಯೊಳಗಿಡಿ. ಬ್ಯಾಚ್ ಸಂಖ್ಯೆ, ಬಳಕೆಯ ಕೊನೆ ದಿನಾಂಕ ಎರಡೂ ಅದರ ಮೇಲೇ ಉಳಿಯುತ್ತವೆ. ಹೆಚ್ಚಾದದ್ದನ್ನು ಸಣ್ಣ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಬಹುದು. ಹೊರತೆಗೆದ ಪೊಟ್ಟಣ ಕೋಣೆಯ ಶಾಖಕ್ಕೆ ಬರುವವರೆಗೆ ಬಿಚ್ಚಬೇಡಿ. ಬಿಚ್ಚಿದರೆ ಗಾಳಿಯ ತೇವ ತಣ್ಣನೆಯ ಪೆಲೆಟ್ ಮೇಲೆ ಹನಿಯಾಗಿ ಕೂತು ಬೂಷ್ಟು ಹಿಡಿಯುತ್ತದೆ.

ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸುವುದಿದ್ದರೆ ಹಳೇ ಚೀಲ ಪೂರ್ತಿ ಖಾಲಿಯಾಗಲು ಕಾಯಬೇಡಿ. ಹತ್ತು ದಿನಕ್ಕಾಗುವಷ್ಟು ಉಳಿದಿರುವಾಗಲೇ ಹೊಸದನ್ನು ತಂದು ಕಾಲು ಭಾಗ, ಅರ್ಧ, ಮುಕ್ಕಾಲು ಎಂದು ಬೆರೆಸುತ್ತಾ ಹೋಗಿ, ಆ ಹತ್ತೂ ದಿನ ತಕ್ಕಡಿಯನ್ನು ಪಂಜರದ ಪಕ್ಕದಲ್ಲೇ ಇಟ್ಟಿರಿ.